ಚಾ ಇಟ್ಟ ಮನೆ

ಹಂಚಿನ ಮೇಲಿನ ರೊಟ್ಟಿ ಉಬ್ಬುವ ಹೊತ್ತಿಗೆ ಸರಿಯಾಗಿ ಕಸ್ತೂರೆಮ್ಮ ಬಾಗಿಲಲ್ಲಿ ಬಂದು ನಿಂತಳು.

ಶಿವಕುಮಾರಿ ಕೈಯಲ್ಲಿ ಒದ್ದೆ ಬಟ್ಟೆ ಹಿಡಿದಂತೆಯೇ ತಿರುಗಿ ನೋಡಿದಳು. ಅಣ್ಣನ ಹೆಂಡತಿ ಇಷ್ಟು ಬೆಳಿಗ್ಗೆ ಇಳಕಲ್ ಸೀರೆಯುಟ್ಟು, ಮಲ್ಲಿಗೆ ಮುಡಿದು ಮಸ್ಕಿಯ ಈ ಹಿಂದಿನ ಓಣಿಗೆ ಬಂದವಳಲ್ಲ. ಬಂದವಳು ಕೂತುಕೊಳ್ಳಲೂ ಇಲ್ಲ. ಒಲೆ ಆರಿಸು, ತಲೆ ಬಾಚಿಕೊ, ಹುಡುಗಿಗೂ ಚೆಂದದ ಫ್ರಾಕ್ ಹಾಕು ಎಂದಳು. ದಢೇಸುಗೂರಿನಲ್ಲಿ ಅವಳ ತವರಿನ ಕಡೆಯವರದು ಗೃಹಪ್ರವೇಶವಂತೆ. ಶಿವಕುಮಾರಿಯನ್ನು ಕರೆದುಕೊಂಡೇ ಬರಬೇಕೆಂದು ಒತ್ತಿ ಒತ್ತಿ ಹೇಳಿದ್ದಾರಂತೆ.

ತನ್ನ ಮುಖವನ್ನೇ ಕಾಣದವರು ತನ್ನನ್ನು ಯಾಕೆ ಅಷ್ಟು ಒತ್ತಿ ಕರೆಯಬೇಕು ಎಂದು ಯೋಚಿಸುವಷ್ಟರಲ್ಲಿ ರೊಟ್ಟಿ ಸೀದ ವಾಸನೆ ಬಂತು.

ಅದನ್ನು ಎತ್ತಿ ಪಕ್ಕಕ್ಕೆ ಹಾಕುತ್ತಿರುವಾಗಲೇ ಹೊರಗೆ ಗಾಡಿ ನಿಂತ ಸದ್ದು. ಅದರ ಹಿಂದೆಯೇ ದಿನಾ ಕೇಳುವ ದನಿ.

"ರೊಟ್ಟಿ ಆದವೇನ್ರೀ?"

ಚನ್ನವೀರನ ಓಮ್ನಿ ದಿನಾ ಈ ಹೊತ್ತಿಗೆ ಬರುತ್ತಿತ್ತು. ಶಿವಕುಮಾರಿ ಬಡಿದ ರೊಟ್ಟಿಯ ಗಂಟುಗಳನ್ನು ಲಿಂಗಸುಗೂರಿನ ಒಂದು ಖಾನಾವಳಿಗೆ, ಸಿಂಧನೂರಿನ ಒಂದು ಖಾನಾವಳಿಗೆ ಮುಟ್ಟಿಸುವವನು ಅವನೇ. ಗಂಟು ತೆಗೆದುಕೊಳ್ಳುವಾಗ ಅವನು ಹೊಸ್ತಿಲಿನ ಆಚೆಗೇ ನಿಲ್ಲುತ್ತಿದ್ದ. ಮಳೆಯಿರಲಿ, ಬಿಸಿಲಿರಲಿ, ಒಳಗೆ ಒಂದು ಹೆಜ್ಜೆ ಇಟ್ಟವನಲ್ಲ. ಗಂಡ ಸತ್ತ ಹೆಂಗಸಿನ ಮನೆ. ಓಣಿಗೆ ಕಣ್ಣಿದೆ, ಬಾಯಿಯೂ ಇದೆ.

ಆದರೆ ಓಣಿಗೆ ಕಾಣದ್ದು ಒಂದಿತ್ತು. ಸಿಂಧನೂರಿನ ಗಂಟಿನ ಮೇಲ್ಗಡೆ, ಬೇರೆ ಬಟ್ಟೆಯಲ್ಲಿ ಸುತ್ತಿ, ಒಂದು ಮೆತ್ತನೆಯ ಬಿಸಿ ರೊಟ್ಟಿ, ಅದರೊಳಗೆ ಶೇಂಗಾ ಚಟ್ನಿ. ಅದು ಯಾರಿಗೆಂದು ಅವಳು ಒಮ್ಮೆಯೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ಮರುದಿನ ಆ ಬಟ್ಟೆ ಒಗೆದು, ಒಣಗಿ, ನಾಲ್ಕು ಮಡಿಕೆಯಾಗಿ ಅವಳ ಕೈಗೆ ಬರುತ್ತಿತ್ತು. ಕೆಲವು ದಿನ ಅವಳು ಆ ಮಡಿಕೆಯನ್ನು ಬಿಚ್ಚದೆ ಹಾಗೇ ಇಟ್ಟುಕೊಂಡು, ಬೇರೆ ಬಟ್ಟೆ ಹುಡುಕುತ್ತಿದ್ದಳು.

ಇನ್ನೊಂದು ವಿಷಯ. ಓಣಿಯ ಗಂಡಸರೆಲ್ಲ ಅವಳನ್ನು ಅಕ್ಕಾರ ಎನ್ನುತ್ತಿದ್ದರು. ಇವನೊಬ್ಬ ಅನ್ನುತ್ತಿರಲಿಲ್ಲ. ಬರೀ 'ರೀ'. ಅವಳೂ ಅವನನ್ನು ಅಣ್ಣಾರ ಎಂದು ಕರೆದವಳಲ್ಲ. ಅವನು ಅದನ್ನು ಗಮನಿಸಿದ್ದಾನೆಂದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇರುವುದನ್ನೂ ಕಲಿತಿದ್ದಳು.

ಕಸ್ತೂರೆಮ್ಮ ಕಲಿತಿರಲಿಲ್ಲ. ಅವಳು ಇಬ್ಬರ ಮುಖವನ್ನೂ ಒಮ್ಮೆ ನೋಡಿ ನಕ್ಕು, "ಬಂದ ನೋಡು ನಿಮ್ಮ ಚನ್ನವೀರಣ್ಣ" ಎಂದಳು. ಅಣ್ಣ ಎನ್ನುವಾಗ ದನಿ ಸ್ವಲ್ಪ ಜಾಸ್ತಿಯೇ ಬಿತ್ತು. "ಇವತ್ತು ನಿನ್ನ ಗಾಡಿ ನಮಗ ಬೇಕಪಾ. ದಢೇಸುಗೂರಿಗೆ ಹೋಗಿ ಬರೂದು. ಬಾಡಿಗಿ ನಮ್ಮ ಮನಿಯವರು ಕೊಡ್ತಾರ."

ಮನಿಯವರು ಎಂದರೆ ಮರಿಸ್ವಾಮಿ, ಶಿವಕುಮಾರಿಯ ಅಣ್ಣ. ಅವಳು ಈಗ ನಿಂತಿದ್ದ ಈ ಎರಡು ಕೋಣೆಯ ಮನೆ ಅವನದು. ಅವನ ಮಾತು ಬಂದ ಮೇಲೆ ಬರುವುದಿಲ್ಲ ಎನ್ನುವ ಮಾತೇ ಇರಲಿಲ್ಲ.

ಅರ್ಧ ಜಡೆಯ ತಲೆಯಲ್ಲೇ ಮಗಳು ಅಮರೇಶ್ವರಿ ಹೊಸ್ತಿಲಿಗೆ ಓಡಿ ಬಂದಳು. ಎಂಟು ವರ್ಷದ ಹುಡುಗಿ, ಓಣಿಗೆಲ್ಲ ಅಮರಿ. ಬಾಗಿಲ ಚೌಕಟ್ಟು ಹಿಡಿದು ಚನ್ನವೀರನ ಚಪ್ಪಲಿ ನೋಡಿದಳು, ಹೊಸ್ತಿಲು ನೋಡಿದಳು, ಆಮೇಲೆ ಅವನ ಮುಖ ನೋಡಿದಳು.

"ಕಾಕಾ, ನೀವ್ಯಾಕ ದಿನಾ..."

"ಅಮರೀ, ಬಾ ಇಲ್ಲಿ, ಜಡಿ ಬಾಕಿ ಐತಿ" ಎಂದು ಶಿವಕುಮಾರಿ ತಡೆದಳು. ಈ ಮಗಳ ಬಾಯಲ್ಲಿ ಪ್ರಶ್ನೆ ಹುಟ್ಟಿದರೆ ಎಲ್ಲಿಗೆ ಹೋಗಿ ಮುಟ್ಟುತ್ತದೋ ಎಂಬ ಅಂಜಿಕೆ ಅವಳಿಗೆ ಯಾವಾಗಲೂ ಇತ್ತು.

ಕಸ್ತೂರೆಮ್ಮನೂ ಹುಡುಗಿಯ ಗಲ್ಲ ಹಿಡಿದು, ಇವತ್ತು ಹೋದ ಮನೆಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಬಾರದು, ದೊಡ್ಡವರ ಮನೆ ಅದು, ಎಂದು ತಾಕೀತು ಮಾಡಿದಳು. ಅಮರಿ ತಲೆಯಾಡಿಸಿದಳು. ಕೊಟ್ಟ ಮಾತಿಗೆ ತಪ್ಪುವ ಹುಡುಗಿಯಲ್ಲ ಅವಳು.

ಉಡಲು ನೇರಳೆ ಸೀರೆ ತೆಗೆದಾಗ ಶಿವಕುಮಾರಿಗೆ ನೆನಪಾಯಿತು. ಅದರ ಜಂಪರನ್ನು ಹೋದ ವಾರ ಕಸ್ತೂರೆಮ್ಮ ಒಯ್ದಿದ್ದಳು, ಕೊರಳಿನ ಕಟ್ಟಿಂಗ್ ಚೆಂದ ಇದೆ, ತನಗೂ ಹಾಗೇ ಹೊಲಿಸಬೇಕೆಂದು. ಕೇಳಿದರೆ ಅದಿನ್ನೂ ಟೇಲರ್ ಹತ್ತಿರವೇ ಇದೆ ಎಂದಳು. ಶಿವಕುಮಾರಿ ಹಸಿರು ಸೀರೆ ಉಟ್ಟಳು.

*

ಓಮ್ನಿಯಲ್ಲಿ ಕಸ್ತೂರೆಮ್ಮ ಮುಂದೆ ಕೂತಳು, ತಾಯಿ ಮಗಳು ಹಿಂದೆ. ಲಿಂಗಸುಗೂರಿನ ಗಂಟನ್ನು ಚನ್ನವೀರ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಬಂದ. ಮಸ್ಕಿ ದಾಟಿತು. ಎರಡೂ ಕಡೆ ಎರೆ ಹೊಲ, ತೊಗರಿ, ಅಲ್ಲೊಂದು ಇಲ್ಲೊಂದು ಜಾಲಿ ಗಿಡ.

ಗಾಡಿಯೊಳಗಿನ ಕನ್ನಡಿಯಲ್ಲಿ ಅವನ ಕಣ್ಣು ಕಾಣುತ್ತಿತ್ತು. ರಸ್ತೆ ನೋಡಬೇಕಾದ ಕಣ್ಣು ಒಮ್ಮೊಮ್ಮೆ ಹಿಂದಕ್ಕೆ ಬಂದು, ಸಿಕ್ಕಿಬಿದ್ದು, ಮತ್ತೆ ರಸ್ತೆಗೆ ಓಡುತ್ತಿತ್ತು. ಶಿವಕುಮಾರಿ ಕಿಟಕಿಯ ಆಚೆ ನೋಡುತ್ತಿದ್ದಳು. ಆದರೆ ಅವಳ ಕೆನ್ನೆಗೆ ಅವನು ನೋಡಿದ್ದು ಗೊತ್ತಾಗುತ್ತಿತ್ತು.

ಅವಳಿಗೆ ಹೋದ ಭಾನುವಾರದ ಮಧ್ಯಾಹ್ನ ನೆನಪಾಯಿತು. ಭಾನುವಾರ ಪಕ್ಕದ ಮನೆ ಇಮಾಮ್‌ಬೀಯ ಟಿವಿ ಮುಂದೆ ಓಣಿಯ ಹೆಂಗಸರೆಲ್ಲ ಸೇರುತ್ತಿದ್ದರು. ಇಮಾಮ್‌ಬೀಗೆ ದೆವ್ವದ ಸಿನಿಮಾ ಎಂದರೆ ಪ್ರಾಣ. ಚನ್ನವೀರ ಅಂಗಳದ ಕಲ್ಲಿನ ಮೇಲೆ ಕೂತು ಕಿಟಕಿಯಿಂದ ನೋಡುತ್ತಿದ್ದ. ಅಲ್ಲಿಯೂ ಒಳಗೆ ಬರುತ್ತಿರಲಿಲ್ಲ.

ಅವತ್ತಿನ ಸಿನಿಮಾದಲ್ಲಿ ಹೊಸದಾಗಿ ಮದುವೆಯಾದ ಇಬ್ಬರು ಒಂದು ದೊಡ್ಡ ಮನೆಗೆ ಊಟಕ್ಕೆ ಹೋಗುತ್ತಾರೆ. ಮನೆಯವರು ಬಿಡದೆ ನಗುತ್ತಾರೆ. ಯಾರೂ ರೆಪ್ಪೆ ಬಡಿಯುವುದಿಲ್ಲ. ಒಂದು ಕೋಣೆಗೆ ಬೀಗ, ಅದರೊಳಗೆ ಯಾರೋ ಕೆಮ್ಮುತ್ತಾರೆ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಮತ್ತೆ ಊಟ ಮಾಡುತ್ತಾರೆ.

ಅಮರಿಗೆ ತಡೆಯಲಾಗಲಿಲ್ಲ. "ಅವ್ರಿಗೆ ಕಾಣವಲ್ದೇನು? ಬಾಗಲಾ ತೆರದೈತಿ. ಯಾಕ ಎದ್ದು ಹೋಗವಲ್ರು?"

ಎದ್ದು ಹೋದರೆ ಸಿನಿಮಾ ಮುಗಿಯುತ್ತದಲ್ಲ ಎಂದು ಇಮಾಮ್‌ಬೀ ನಕ್ಕಳು. ಅವರ ಹಣೆಬರಹ ಎಂದು ಇನ್ನೊಬ್ಬಳು ಹೇಳಿದಳು. ಕಿಟಕಿಯ ಆಚೆಯಿಂದ ಚನ್ನವೀರನ ದನಿ ಬಂತು, ಬಹಳ ಗಂಭೀರವಾಗಿ:

"ಹೆಂಗ ಹೋಗ್ತಾರ ಅಮರೀ? ಮನಿಯವರು ಚಾ ಇಟ್ಟಾರಲ್ಲ."

ಶಿವಕುಮಾರಿ ನಕ್ಕುಬಿಟ್ಟಳು. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲದ ನಗು. ತನ್ನ ನಗುವಿನ ಸದ್ದು ತನಗೇ ಮರೆತು ಹೋಗಿತ್ತು. ತಲೆಯೆತ್ತಿದಾಗ ಕಿಟಕಿಯ ಸರಳಿನ ನಡುವೆ ಅವನು ಸಿನಿಮಾ ಬಿಟ್ಟು ಅವಳನ್ನೇ ನೋಡುತ್ತಿದ್ದ.

ಆಮೇಲೆ ಅವನು ತನ್ನದೇ ಕಥೆ ಹೇಳಿದ. ಹಿಂದೊಮ್ಮೆ ಲಿಂಗಸುಗೂರಿಗೆ ಹೆಣ್ಣು ನೋಡಲು ಹೋಗಿದ್ದ. ಉಪ್ಪಿಟ್ಟು ಕೊಟ್ಟರು, ತಿಂದ. ಹುಡುಗಿಯ ತಂದೆ ಇನ್ನೊಂದು ಸೌಟು ಹಿಡಿದು ಬಂದಾಗ, ಹಿರಿಯರು, ಬೇಡ ಎಂದರೆ ನೊಂದುಕೊಂಡಾರು ಎಂದು ತಟ್ಟೆ ಮುಂದೆ ಹಿಡಿದ. ಆ ಮನೆಯ ಲೆಕ್ಕದಲ್ಲಿ ಎರಡನೇ ಸಲ ಹಾಕಿಸಿಕೊಂಡರೆ ಹೆಣ್ಣು ಒಪ್ಪಿಗೆ. ಅವನು ಮಸ್ಕಿಗೆ ಬರುವಷ್ಟರಲ್ಲಿ ಇಲ್ಲಿ ಸಕ್ಕರೆ ಹಂಚಿದ್ದರು. ಕೊನೆಗೆ ಆ ಹುಡುಗಿಯೇ ಫೋನ್ ಮಾಡಿ, ಅಣ್ಣಾರ, ನನಗೆ ಬೇರೆ ಹುಡುಗ ಇದ್ದಾನೆ, ನೀವೇ ಹೆಂಗಾದರೂ ಬೇಡ ಅನ್ರಿ ಎಂದು ಬೇಡಿಕೊಂಡ ಮೇಲೆ ಬಿಡುಗಡೆಯಾಯಿತು. ಅವಳ ಮದುವೆಗೂ ಹೋಗಿ ಬಂದಿದ್ದ. ಅಲ್ಲಿಯೂ ಉಪ್ಪಿಟ್ಟೇ ಇತ್ತು.

ಹೆಂಗಸರೆಲ್ಲ ನಕ್ಕರು. ಶಿವಕುಮಾರಿ ಮಾತ್ರ, ಅದಾದ ಮೇಲೆ ಇವನು ಯಾಕೆ ಬೇರೆ ಹೆಣ್ಣು ನೋಡಲಿಲ್ಲ ಎಂದು ಯೋಚಿಸುತ್ತಾ ಮನೆಗೆ ಬಂದು, ಹಿಟ್ಟಿಗೆ ಎರಡು ಸಲ ಉಪ್ಪು ಹಾಕಿದ್ದಳು.

ಸಿಂಧನೂರಿನಲ್ಲಿ ಗಂಟು ಕೊಟ್ಟಾಯಿತು. ಅಲ್ಲಿಂದ ಮುಂದೆ ಭೂಮಿಯ ಬಣ್ಣವೇ ಬೇರೆ. ಕಾಲುವೆ, ಕಾಲುವೆಯ ಪಕ್ಕ ಕಣ್ಣು ಮುಟ್ಟುವವರೆಗೆ ಭತ್ತ.

*

ಗೃಹಪ್ರವೇಶದ ಮನೆ ಹಳೆಯದಾಗಿತ್ತು.

ಶಿವಕುಮಾರಿ ಮೊದಲು ಗಮನಿಸಿದ್ದು ಅದನ್ನೇ. ಹೊಗೆ ಹಿಡಿದ ಕಂಬಗಳು, ಸವೆದ ಕಟ್ಟೆ. ಹೊಸ ಬಣ್ಣವಿಲ್ಲ, ಪೆಂಡಾಲಿಲ್ಲ. ಆದರೂ ಗಾಡಿ ನಿಲ್ಲುವ ಮೊದಲೇ ಮನೆಯವರೆಲ್ಲ ಅಂಗಳದಲ್ಲಿ ಸಾಲಾಗಿ ನಿಂತು ನಗುತ್ತಿದ್ದರು. ಹಳೆಯ ಮನೆಯನ್ನೇ ರಿಪೇರಿ ಮಾಡಿಸಿರಬಹುದು ಎಂದುಕೊಂಡಳು.

ಮನೆಯ ಅಜ್ಜಿ ಅವಳ ಎರಡೂ ಕೈ ಹಿಡಿದು, ಬಂದೇನವ್ವ ಶಿವಕುಮಾರಿ ಎಂದು ಒಳಗೆ ಕರೆದೊಯ್ದಳು. ಕರೆದೊಯ್ಯುವಾಗ ಬೆರಳಿನಿಂದ ಅವಳ ಮುಂಗೈ ಸುತ್ತಳತೆ ನೋಡಿದಳು, ಬಳೆ ಅಂಗಡಿಯವಳು ನೋಡುವ ಹಾಗೆ. ಮುದುಕಿ, ಪ್ರೀತಿ ಜಾಸ್ತಿ ಎಂದುಕೊಂಡಳು.

ಪಡಸಾಲೆಯಲ್ಲಿ ಚಾಪೆ ಹಾಸಿ ಕೂಡಿಸಿದರು. ಎದುರು ಗೋಡೆಯ ಮೇಲೆ ಒಂದು ಫೋಟೊದಷ್ಟು ಜಾಗ ಮಾತ್ರ ಬೆಳ್ಳಗಿತ್ತು. ಮೇಲೊಂದು ಮೊಳೆ, ಮೊಳೆಗೆ ಚೆಂಡು ಹೂವಿನ ಹಾರದ ದಾರ ಇನ್ನೂ ನೇತಾಡುತ್ತಿತ್ತು. ಹಾರ ಹಾಕಿದ ಫೋಟೊ ಯಾರದೋ, ಇವತ್ತೇ ಯಾಕೆ ತೆಗೆದರೋ. ಕೇಳಬೇಕೆನಿಸಿತು. ಹೋದ ಮನೆಯಲ್ಲಿ ಗೋಡೆ ನೋಡಿ ಪ್ರಶ್ನೆ ಕೇಳಿದರೆ ಏನು ಚೆಂದ?

ಅಜ್ಜಿಯ ಮಗಳೊಬ್ಬಳು ಬಂದು ಅವಳ ಪಕ್ಕದಲ್ಲಿದ್ದ ಚೀಲ ಎತ್ತಿಕೊಂಡು ಹೋದಳು. ಫೋನ್ ಅದರೊಳಗೇ ಇತ್ತು. ತಿರುಗಿ ಬರುವಾಗ ಕೈ ಖಾಲಿ. "ಚೀಲ ಮುಚ್ಚಿಟ್ಟೀನಿ. ಇನ್ನ ಹೆಂಗ ಹೋಗ್ತೀ ನೋಡೂಣು" ಎಂದು ನಕ್ಕಳು. ಬೇಕಾದ ನೆಂಟರು ಬಂದರೆ ಎಲ್ಲರ ಮನೆಯಲ್ಲೂ ಹೀಗೇ ಚೀಲ ಮುಚ್ಚಿಡುತ್ತಾರೆ. ಶಿವಕುಮಾರಿಯೂ ನಕ್ಕಳು. ಆದರೆ ಚೀಲ ಹೋದ ಬಾಗಿಲನ್ನು ಎರಡು ಸಲ ನೋಡಿದಳು.

ಬಾಗಿಲಿನ ಹತ್ತಿರದ ಕುರ್ಚಿಯಲ್ಲಿ ಮನೆಯ ಯಜಮಾನ ಬಸವಲಿಂಗಪ್ಪ ಕೂತಿದ್ದ. ಅಜ್ಜಿಯ ಒಬ್ಬನೇ ಮಗ, ಐವತ್ತರ ಹತ್ತಿರದವನು, ಅಗಲವಾದ ಕೈಗಳು. ಕೆಟ್ಟವನಂತೆ ಕಾಣಲಿಲ್ಲ. ಅವಳ ಮುಖ ನೋಡಲಿಲ್ಲ, ಅವಳಿಗೆ ಒಂದು ಮಾತು ಹೇಳಲೂ ಇಲ್ಲ. ಬಾಗಿಲಲ್ಲಿ ಲಾಡು ತಿನ್ನುತ್ತಾ ನಿಂತಿದ್ದ ಅಮರಿಯನ್ನು ಒಮ್ಮೆ ನೋಡಿ, ಕಸ್ತೂರೆಮ್ಮನ ಕಡೆ ತಿರುಗಿ ಕೇಳಿದ:

"ಕೂಸು ಹಾಸ್ಟೆಲ್‌ನಾಗ ಅಳಂಗಿಲ್ಲಲ್ಲ?"

ಇಲ್ಲರೀ, ಬಹಳ ಜಾಣಿ ಅದು ಎಂದು ಕಸ್ತೂರೆಮ್ಮ ಹೇಳಿದಳು. ಲಿಂಗಸುಗೂರಿನಲ್ಲಿ ಸೀಟಿನ ಮಾತಾಗಿದೆ ಎಂದೂ ಹೇಳಿದಳು, ಮಳೆಯ ಸುದ್ದಿ ಹೇಳಿದಷ್ಟೇ ಹಗುರವಾಗಿ.

ಆಗ ಶಿವಕುಮಾರಿಗೆ ತಿಳಿಯಿತು. ಪೂರ್ತಿ ತಿಳಿಯಿತು. ಗೋಡೆಯಿಂದ ತೆಗೆದದ್ದು ಇವನ ಸತ್ತ ಹೆಂಡತಿಯ ಫೋಟೊ, ಆ ಜಾಗಕ್ಕೇ ತನ್ನನ್ನು ಕರೆತಂದಿದ್ದರು. ಎದ್ದೇಳು ಎಂದು ಮೈ ಹೇಳಿತು. ಆದರೆ ಒಳಗೆ ಬೋಗುಣಿಯ ಸದ್ದು, ಶುಂಠಿ ಜಜ್ಜುವ ಸದ್ದು. ಚಾ ಇಟ್ಟಿದ್ದರು. ಚಾ ಇಟ್ಟ ಮನೆಯಿಂದ ಎದ್ದು ಹೋಗುವುದು ಹೇಗೆ? ಅತ್ತಿಗೆಯ ತವರಿನವರು. ಎದ್ದರೆ ಅತ್ತಿಗೆಯ ಮುಖ ಏನಾಗಬೇಕು? ಅಣ್ಣ ಏನೆಂದಾನು? ಅವನ ಮನೆಯಲ್ಲಿ ಇರುವವಳು ತಾನು. ಇನ್ನು ಸ್ವಲ್ಪ ಹೊತ್ತು, ಚಾ ಕುಡಿದು, ಕುಂಕುಮ ತೆಗೆದುಕೊಂಡು, ಮನೆಗೆ ಹೋಗಿ ಸಮಾಧಾನದಿಂದ ಬೇಡ ಎಂದರಾಯಿತು.

ಸಿನಿಮಾದ ಹುಡುಗಿ ಕೂಡ ಹೀಗೇ ಅಂದುಕೊಂಡಿರಬೇಕು.

ಅಷ್ಟರಲ್ಲಿ ಮಣೆ ತಂದು ಹಾಕಿದರು. ಅವಳ ತೋಳು ಹಿಡಿದು ಅದರ ಮೇಲೆ ಕೂಡಿಸಿದರು. ತಟ್ಟೆ ಬಂತು. ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಕೆಂಪು ಸೀರೆ. ಸೀರೆಯ ಮೇಲೆ ಹೊಲಿದು ಸಿದ್ಧವಾದ ಕೆಂಪು ಜಂಪರ್. ಅದರ ಕೊರಳಿನ ಕಟ್ಟಿಂಗ್ ತನ್ನ ನೇರಳೆ ಜಂಪರಿನದೇ.

ಕಸ್ತೂರೆಮ್ಮ ನೆಲ ನೋಡಿದಳು. "ನಿನ್ನ ಚಲೋದಕ್ಕ ಮಾಡೀನಿ ಶಿವಮ್ಮ" ಎಂದು ಮೆಲ್ಲಗೆ ಹೇಳಿದಳು. ಅದು ಸುಳ್ಳಲ್ಲ ಎಂಬುದೇ ಶಿವಕುಮಾರಿಗೆ ಹೆಚ್ಚು ನೋವು ಕೊಟ್ಟಿತು.

ಅಜ್ಜಿ ಎರಡೂ ಕೈಯಲ್ಲಿ ಅಕ್ಕಿ ಎತ್ತಿಕೊಂಡು, ಸೆರಗು ಹಿಡಿಯವ್ವ ಎಂದಳು.

ಗಂಡ ಹೋದ ಮೇಲೆ ಯಾರೂ ಅವಳ ಉಡಿ ತುಂಬಿರಲಿಲ್ಲ. ಮದುವೆ, ಸೀಮಂತ, ಎಲ್ಲ ಮನೆಯಲ್ಲೂ ಅವಳ ಸರದಿ ಬಂದಾಗ ತಟ್ಟೆ ಪಕ್ಕದವಳ ಕಡೆ ಹೊರಳುತ್ತಿತ್ತು. ಗಂಡ ಸತ್ತವಳ ಉಡಿಗೆ ಅಕ್ಕಿ ಬಿದ್ದರೆ ಅದರ ಅರ್ಥ ಒಂದೇ: ಈ ಮನೆಗೆ ಸೊಸೆಯಾದಳು. ಉಡಿಯಲ್ಲಿ ಬಿದ್ದದ್ದನ್ನು ಚೆಲ್ಲುವಂತಿಲ್ಲ, ತಿರುಗಿ ಕೊಡುವಂತಿಲ್ಲ.

ಇದೆಲ್ಲ ಗೊತ್ತಿದ್ದೂ ಅವಳ ಕೈ ತಾನೇ ಸೆರಗು ಹಿಡಿಯಿತು. ಬರಿದಾಗಿದ್ದ ಸೆರಗು ಅದು. ಆ ಒಂದು ಕ್ಷಣ, ಅದು ತುಂಬಲಿ ಎಂದು ಅವಳಿಗೆ ಆಸೆಯಾಯಿತು.

ತಲೆಯೆತ್ತಿದರೆ ಬಾಗಿಲಲ್ಲಿ ಅಮರಿ. ಕೈಯಲ್ಲಿ ಅರ್ಧ ಲಾಡು. ತುಟಿ ಬಿಗಿದುಕೊಂಡಿದ್ದಳು, ಕೇಳುವುದಿಲ್ಲ ಎಂದು ಮಾತು ಕೊಟ್ಟವಳಲ್ಲವೇ? ಆದರೆ ಕಣ್ಣು ಅದೇ ಕಣ್ಣು, ಭಾನುವಾರ ಟಿವಿ ನೋಡುವಾಗಿನದು. ಅವಳು ತಾಯಿಯನ್ನು ನೋಡಿದಳು. ಆಮೇಲೆ ತೆರೆದ ಬಾಗಿಲನ್ನು ನೋಡಿದಳು.

ಶಿವಕುಮಾರಿ ಸೆರಗು ಬಿಟ್ಟಳು. ಮಣೆಯಿಂದ ಎದ್ದು ನಿಂತಳು.

ಮಣೆಯ ಮೇಲಿನಿಂದ ಹೀಗೆ ಎದ್ದವರನ್ನು ಆ ಮನೆ ಕಂಡಿರಲಿಲ್ಲ. ಅವಳು ಬಗ್ಗಿ ಅಜ್ಜಿಯ ಕಾಲು ಮುಟ್ಟಿದಳು.

"ಸಿಟ್ಟಾಗಬ್ಯಾಡ್ರಿ ಅಜ್ಜೀ. ಉಡಿಗೆ ಬಿದ್ದ ಮ್ಯಾಲ ಬ್ಯಾಡ ಅನಬಾರದು. ಅದಕ್ಕ ಬೀಳೂಕಿಂತ ಮೊದಲ ಎದ್ದೀನಿ. ನನ್ನ ಮಗಳು ನನ್ನ ಹಂತೇಕನ ಇರ್ತಾಳ."

ಕಸ್ತೂರೆಮ್ಮ ಏನೋ ಹೇಳಲು ಬಂದಳು. ಅಜ್ಜಿ ಕೈಯೆತ್ತಿ ತಡೆದಳು. ಹಿಡಿದ ಅಕ್ಕಿಯನ್ನು ತಟ್ಟೆಗೆ ಸುರಿದು, ತಾನೇ ಒಳಗೆ ಹೋಗಿ ಭತ್ತದ ಚೀಲದ ಹಿಂದಿನಿಂದ ಅವಳ ಚೀಲ ತಂದುಕೊಟ್ಟಳು. ಆಮೇಲೆ, ಎಷ್ಟಾದರೂ ದೊಡ್ಡ ಮನೆಯ ಹಿರಿಯಳಲ್ಲವೇ, "ಚಾ ಇಟ್ಟಾರ. ಕುಡದಾದ್ರೂ ಹೋಗವ್ವ" ಎಂದಳು.

ಶಿವಕುಮಾರಿಯ ಮೊಣಕಾಲುಗಳು ಹಳೆಯ ರೂಢಿಗೆ ಬಗ್ಗಿಯೇ ಬಿಟ್ಟವು. ಕೂತೇ ಬಿಡುತ್ತಿದ್ದಳು.

"ಬ್ಯಾಡ್ರಿ ಅಜ್ಜೀ" ಎಂದಳು. ಹುಟ್ಟಿದಾಗಿನಿಂದ ಅವಳು ಬೇಡವೆಂದ ಮೊದಲ ಚಾ ಅದು.

ಕಸ್ತೂರೆಮ್ಮ ಅವಳ ಜೊತೆ ಬರಲಿಲ್ಲ. ಯಾರಾದರೂ ಮರ್ಯಾದೆ ಉಳಿಸಬೇಕಲ್ಲ, ತಾನು ಊಟ ಮಾಡಿಕೊಂಡು ಬಸ್ಸಿಗೆ ಬರುತ್ತೇನೆ ಎಂದು ಬಿಕ್ಕುವ ದನಿಯಲ್ಲಿ ಹೇಳಿ ಅಲ್ಲೇ ಕೂತಳು. ಸಂಜೆ ನಿನ್ನ ಅಣ್ಣ ಬರುತ್ತಾನೆ, ಅವನಿಗೆ ನೀನೇ ಉತ್ತರ ಕೊಡು ಎಂದಳು. ಕೊಡ್ತೀನಿ ಅತ್ತಿಗಿ ಎಂದಳು ಶಿವಕುಮಾರಿ.

ಹೊರಗೆ ಕಟ್ಟೆಯ ಮೇಲೆ ಗಂಡಸರ ನಡುವೆ ಚನ್ನವೀರ ಕೂತಿದ್ದ. ಮುಂದೆ ತಟ್ಟೆ, ತಟ್ಟೆಯಲ್ಲಿ ಉಪ್ಪಿಟ್ಟು ಹಾಕಿದ ಗೋಪುರ ಹಾಗೇ ಇತ್ತು. ಒಂದು ತುತ್ತೂ ಮುಟ್ಟಿರಲಿಲ್ಲ. ಅವಳು ಮಗಳ ಕೈ ಹಿಡಿದು ಬಾಗಿಲಲ್ಲಿ ಕಂಡ ಕೂಡಲೇ ಎದ್ದ. ಏನೆಂದು ಕೇಳಲಿಲ್ಲ. ಓಮ್ನಿ ರಸ್ತೆಯ ಕಡೆ ಮುಖ ಮಾಡಿ ನಿಂತಿತ್ತು.

*

ಸಿಂಧನೂರು ದಾಟಿ ಮಸ್ಕಿ ರಸ್ತೆಗೆ ಬಿದ್ದ ಮೇಲೆ, ಬೇವಿನ ಮರದ ಕೆಳಗೆ ಒಂದು ಚಾ ಅಂಗಡಿ ಕಂಡಿತು. ಚನ್ನವೀರ ಗಾಡಿ ನಿಧಾನ ಮಾಡಿದ. ಕನ್ನಡಿಯಲ್ಲಿ ಅವಳನ್ನು ನೋಡಿ, ಈ ಚಾ ಅರ್ಧಕ್ಕೆ ಬಿಟ್ಟು ಎದ್ದರೂ ಯಾರೂ ಬೇಜಾರಾಗುವುದಿಲ್ಲ ಎಂದ.

ಅವಳಿಗೆ ನಗು ಬಂತು, ಅದರ ಜೊತೆಗೇ ಅಳುವೂ ಬಂತು. ಎರಡನ್ನೂ ಸೆರಗಿನಲ್ಲೇ ಒರೆಸಿಕೊಂಡು ಇಳಿದಳು.

ಅಮರಿ ಬಿಸ್ಕತ್ತು ಅದ್ದಿಕೊಂಡು ಬೆಂಚಿನ ಆ ತುದಿಯಲ್ಲಿ ಕೂತಳು. ಇವರಿಬ್ಬರ ನಡುವೆ ಒಂದು ಚೀಲದಷ್ಟು ಜಾಗ. ಆ ಜಾಗದಲ್ಲಿ ಚೀಲವನ್ನೇ ಇಟ್ಟಿದ್ದರು.

ಗಾಡಿ ಯಾವಾಗ ತಿರುಗಿಸಿ ನಿಲ್ಲಿಸಿದಿರಿ ಎಂದು ಅವಳು ಕೇಳಿದಳು. ಬಂದ ಕೂಡಲೇ ಎಂದ. ಗೃಹಪ್ರವೇಶ ಅಂದಿದ್ದರು, ಬಾಗಿಲಿಗೆ ಒಂದು ತೋರಣವೂ ಇರಲಿಲ್ಲ.

"ಇಷ್ಟು ಸಿನಿಮಾ ನೋಡೀನಿ, ಅಷ್ಟಾದ್ರೂ ತಿಳೀಬೇಕಲ್ರೀ."

"ತಿಳದಿತ್ತಂದ್ರ ಒಳಗ ಬಂದು ಒಂದು ಮಾತು ಅನಬಹುದಿತ್ತು."

ಅವನು ಗ್ಲಾಸನ್ನು ಅಂಗೈಯಲ್ಲಿ ತಿರುಗಿಸಿದ. ಬೇವಿನ ಎಲೆಯೊಂದು ಅವಳ ಭುಜದ ಮೇಲೆ ಬಿತ್ತು. ಅವನ ಕೈ ಅರ್ಧ ಏಳುವುದನ್ನು ಅವಳು ನೋಡಿದಳು. ಕೈ ಮತ್ತೆ ಗ್ಲಾಸಿಗೆ ಹೋಯಿತು. ಎಲೆ ಅಲ್ಲೇ ಉಳಿಯಿತು. ಅವಳೂ ಅದನ್ನು ಕೊಡವಲಿಲ್ಲ.

"ಯಾರು ಅಂತ ಬರಲ್ರೀ ಒಳಗ?" ಎಂದ ಕೊನೆಗೆ. "ನಾ ಕೈಹಿಡದು ಎಬ್ಬಿಸಿದ್ರ, ಕೈಹಿಡದು ಕುಂಡರ್ಸಿದೋರಿಗೂ ನನಗೂ ಏನ್ ಫರಕ್? ನೀವಾ ಎದ್ದು ಬರ್ತೀರಿ ಅಂತ ಕುಂತಿದ್ದೆ."

"ಬರಲಿಲ್ಲಂದ್ರ?"

ಅವನು ದೂರದ ರಸ್ತೆ ನೋಡಿದ. ಲಿಂಗಸುಗೂರು ಬಸ್ಸೊಂದು ಧೂಳೆಬ್ಬಿಸಿಕೊಂಡು ಹೋಯಿತು.

"ನಾಳಿಂದ ರೊಟ್ಟಿ ತಿನ್ನೂದು ಬಿಡ್ತಿದ್ದೆ."

ರಾಯಚೂರು ಜಿಲ್ಲೆಯ ಗಂಡಸು ಇದಕ್ಕಿಂತ ದೊಡ್ಡ ಮಾತು ಆಡಲಾರ. ಮೆತ್ತನೆಯ ರೊಟ್ಟಿ, ಶೇಂಗಾ ಚಟ್ನಿ, ಒಗೆದು ಮಡಿಚಿದ ಬಟ್ಟೆ, ದಿನಾ ಬೆಳಿಗ್ಗೆಯ ಆ ಒಂದು 'ರೀ', ಎಲ್ಲವೂ ಒಟ್ಟಿಗೆ ಶಿವಕುಮಾರಿಯ ಎದೆಗೆ ಬಂದು ಕೂತವು.

ಚಾ ಮುಗಿದಿತ್ತು. ಅಂಗಡಿಯವನು ಖಾಲಿ ಗ್ಲಾಸುಗಳನ್ನು ಒಯ್ದ. ಬಿಸಿಲು ಮರದ ಕೆಳಗಿನಿಂದ ಸರಿದು ಅವರ ಕಾಲಿಗೆ ಬಂತು. ಕೂತುಕೊಳ್ಳಲು ಇನ್ನು ಯಾವ ನೆಪವೂ ಇರಲಿಲ್ಲ. ಯಾರೂ ಅವರ ಚೀಲ ಮುಚ್ಚಿಟ್ಟಿರಲಿಲ್ಲ. ರಸ್ತೆ ಎದುರಿಗೇ ಇತ್ತು.

ಇಬ್ಬರೂ ಏಳಲಿಲ್ಲ.

ಬೆಂಚಿನ ಆ ತುದಿಯಲ್ಲಿ ಅಮರಿ ಬಿಸ್ಕತ್ತಿನ ಕೊನೆಯ ಚೂರು ತಿನ್ನುತ್ತಾ ಇಬ್ಬರನ್ನೂ ನೋಡುತ್ತಿದ್ದಳು.

*

ಮಸ್ಕಿಯ ಓಣಿಗೆ ಬಂದ ಹೊತ್ತಿಗೆ ಬಿಸಿಲು ಗೋಡೆ ಹತ್ತಿತ್ತು. ಇಮಾಮ್‌ಬೀ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಓಮ್ನಿ ನಿಂತದ್ದನ್ನು, ಮೂವರು ಇಳಿದದ್ದನ್ನು, ಕಸ್ತೂರೆಮ್ಮ ಇಲ್ಲದ್ದನ್ನು ನೋಡಿದಳು. ಮೊರ ಮಡಿಲಲ್ಲೇ ಉಳಿಯಿತು. ಎದುರು ಮನೆಯ ಬಾಗಿಲೂ ಸ್ವಲ್ಪ ತೆರೆಯಿತು.

ಚನ್ನವೀರ ಚೀಲ ತಂದು ಹೊಸ್ತಿಲಿನ ಆಚೆಗೆ, ದಿನಾ ನಿಲ್ಲುವ ಜಾಗದಲ್ಲೇ ನಿಂತು, ಒಳಗೆ ಇಟ್ಟ. ಅಮರಿಯ ತಲೆ ಸವರಿದ. ಬೆಳಿಗ್ಗೆ ಸೀದ ರೊಟ್ಟಿಯ ವಾಸನೆ ಇನ್ನೂ ಒಳಗೆ ಇತ್ತು.

"ಬರ್ತೀನ್ರೀ" ಎಂದ.

ಶಿವಕುಮಾರಿ ನೇರ ಅಡುಗೆಮನೆಗೆ ಹೋದಳು. ಒಲೆ ಹಚ್ಚಿದ ಸದ್ದು ಕೇಳಿತು. ಬೋಗುಣಿ ಇಟ್ಟ ಸದ್ದು, ನೀರು ಸುರಿದ ಸದ್ದು. ಆಮೇಲೆ ಅವಳ ದನಿ, ಓಣಿಗೆಲ್ಲ ಕೇಳುವಷ್ಟು ಸ್ಪಷ್ಟವಾಗಿ:

"ಚಾ ಇಟ್ಟೀನಿ."

ಹೊರಗೆ ತಿರುಗಿದ್ದ ಅವನ ಕಾಲು ಅಲ್ಲೇ ನಿಂತಿತು. ಈಗಷ್ಟೇ ಕುಡಿದೆವಲ್ಲ ಎಂದು ಮೆಲ್ಲಗೆ ಹೇಳಿದ. ಅದು ಅಂಗಡಿಯದು ಎಂದಳು ಒಳಗಿನಿಂದ.

ಅವನು ಹೋಗಲಿಲ್ಲ. ಒಳಗೂ ಬರಲಿಲ್ಲ. ಚೌಕಟ್ಟಿನ ಮೇಲೆ ಕೈಯಿಟ್ಟು, ಸವೆದ ಆ ಹೊಸ್ತಿಲನ್ನು ದಾಟಬೇಕಾದ ಕಾಲುವೆಯನ್ನು ನೋಡುವ ಹಾಗೆ ನೋಡುತ್ತಾ ನಿಂತ. ಶಿವಕುಮಾರಿ ಅಡುಗೆಮನೆಯ ಬಾಗಿಲಿಗೆ ಬಂದಳು. ಬೇವಿನ ಎಲೆ ಇನ್ನೂ ಅವಳ ಭುಜದ ಮೇಲಿತ್ತು.

ಅಮರಿ ನಡುವೆ ನಿಂತಿದ್ದಳು. ತಾಯಿಯ ಕಡೆ ತಿರುಗಿ, ಈಗ ಹೋದ ಮನೆಯಿಂದ ಬಂದಾಯಿತಲ್ಲ, ಒಂದು ಪ್ರಶ್ನೆ ಕೇಳಬಹುದೇ ಎಂದು ಕಣ್ಣಲ್ಲೇ ಕೇಳಿದಳು. ಜಡೆ ಹಾಕುವುದು ಬಾಕಿ ಇರಲಿಲ್ಲ. ತಡೆಯಲು ಶಿವಕುಮಾರಿಯ ಹತ್ತಿರ ಬೇರೆ ನೆಪವೂ ಇರಲಿಲ್ಲ. ಒಳಗೆ ಚಾ ಕುದಿಯತೊಡಗಿತು.

ಹುಡುಗಿ ಬೆಳಿಗ್ಗೆಯಿಂದ ಬಾಯಲ್ಲಿ ಹಿಡಿದುಕೊಂಡಿದ್ದನ್ನು ಕೊನೆಗೆ ಕೇಳಿಯೇಬಿಟ್ಟಳು.

"ಕಾಕಾ, ನೀವ್ಯಾಕ ದಿನಾ ಅಲ್ಲೇ ನಿಂದರ್ತೀರಿ? ಒಳಗ್ಯಾಕ ಬರಂಗಿಲ್ಲ?"